ಶನಿವಾರದ ಕಬ್ಬಿಣ

ಕರಜಗಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಅಂದು ಒಳಗೆ ಏನೋ ಸಿಕ್ಕಿಕೊಂಡು ನಿಂತುಬಿಟ್ಟಿತು. ಮುಚ್ಚಳ ತೆಗೆಯೋಣವೆಂದರೆ ಸ್ಕ್ರೂ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ತಿರುಗಲಿಲ್ಲ. ಜೋಳದ ಬುಟ್ಟಿ ಇಟ್ಟುಕೊಂಡು ಹೆಂಗಸರು ಸಾಲಾಗಿ ಕೂತಿದ್ದರು. ಸಂಜೆಯೊಳಗೆ ಹಿಟ್ಟಾಗದಿದ್ದರೆ ಅರ್ಧ ಊರಿಗೆ ರೊಟ್ಟಿಯಿಲ್ಲ. ಕೂಸನ್ನು ಅತ್ತೆಯ ತೊಡೆಗೆ ಹಾಕಿ ಅಫಜಲಪುರದ ಬಸ್ಸು ಹತ್ತಿದೆ.

ಅಲ್ಲಿನ ಹಾರ್ಡ್‌ವೇರ್ ಅಂಗಡಿಯವನು ಬಿಗಿದ ಸ್ಕ್ರೂ ಬಿಚ್ಚುವ ಎರಡು ಇಂಪ್ಯಾಕ್ಟ್ ಡ್ರೈವರ್ ತೆಗೆದಿಟ್ಟ. ಒಂದು ಬ್ಯಾಟರಿಯದು, ಬೆಲೆ ಜಾಸ್ತಿ. ಇನ್ನೊಂದು ಅಪ್ಪಟ ಕಬ್ಬಿಣ. ಸುತ್ತಿಗೆಯಿಂದ ತಲೆಗೆ ಹೊಡೆದರೆ ತಾನೇ ತಿರುಗಿ ಸ್ಕ್ರೂ ಸಡಿಲಿಸುತ್ತದೆ. ತುಕ್ಕಿಗೆ ಪೆಟ್ಟೇ ಮದ್ದು ಎಂದು ಕಬ್ಬಿಣದ್ದನ್ನೇ ಎತ್ತಿಕೊಂಡೆ. ಅಷ್ಟರಲ್ಲಿ ಅತ್ತೆಯ ಫೋನು.

“ಇವತ್ತ ಶನಿವಾರ ಅದಬೇ, ಕಬ್ಬಣ ಮನಿಗಿ ತರಬ್ಯಾಡ. ಶನಿ ಬೆನ್ನ ಹತ್ತತಾನ.”

ಅಂಗಡಿಯವನ ಮುಖ ಅರಳಿತು. “ಬ್ಯಾಟರೀದು ಒಯ್ರಿ ಅಕ್ಕಾರೆ. ಮ್ಯಾಲೆಲ್ಲ ಪ್ಲಾಸ್ಟಿಕ್ಕು.”

“ಒಳಗ?”

“ಒಳಗ ಕಬ್ಬಣರಿ. ಶನಿ ಏನ್ ಬಿಚ್ಚಿ ನೋಡ್ತಾನೇನ್ರಿ?”

“ಹಂಗಾರ ಅದರದೊಂದು ಖಾಲಿ ಡಬ್ಬಿ ಕೊಡ್ರಿ. ಕಬ್ಬಣದ್ದು ಅದರಾಗ ಹಾಕ್ರಿ.”

ಊರಿಗೆ ಬಂದು ಡಬ್ಬಿಯ ಮೇಲಿನ ಚಿತ್ರವನ್ನು ಅತ್ತೆಗೆ ತೋರಿಸಿ, ಬ್ಯಾಟರಿಯದು, ಪ್ಲಾಸ್ಟಿಕ್ಕಿನದು ಎಂದು ಹೇಳಿ, ಗಿರಣಿಯ ಬಾಗಿಲು ಹಾಕಿಕೊಂಡು ಸುತ್ತಿಗೆ ಎತ್ತಿದೆ. ಹೊರಗಿನಿಂದ ಅತ್ತೆ ಕೂಗಿದರು, “ಬ್ಯಾಟರಿ ಭಾಳ ಸಪ್ಪಳ ಮಾಡಾಕತ್ತದಲ್ಲಬೇ!”

“ಹೊಸದದರಿ ಅತ್ತಿ, ಅದಕ್ಕ!”

ಮೂರನೇ ಪೆಟ್ಟಿಗೆ ಸ್ಕ್ರೂ ಸಡಿಲಾಯಿತು. ಮುಚ್ಚಳ ತೆಗೆದು ಸಿಕ್ಕಿಕೊಂಡದ್ದನ್ನು ಹೊರಹಾಕಿದೆ. ಗಿರಣಿ ಮತ್ತೆ ತಿರುಗತೊಡಗಿದಾಗ ಅತ್ತೆ ಸಾಲಿನವರಿಗೆಲ್ಲ ಹೇಳುತ್ತಿದ್ದರು, “ನೋಡ್ರಿ, ಪ್ಲಾಸ್ಟಿಕ್ಕಿನಾಗ ಎಷ್ಟು ಕಸುವು ಅದ!”

ಶನಿದೇವರು ಇಂದಿನವರೆಗೂ ಏನೂ ಕೇಳಿಲ್ಲ. ಅವರಿಗೂ ಮನೆಯಲ್ಲಿ ಅತ್ತೆ ಇರಬೇಕು.