ಕಲ್ಲಿನ ಕಣ್ಣು ಕಂಡರೆ ದುರ್ಬೀನು ಪಾಸು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬುರ್ಮಾಕಾನ್ ತಮ್ಮ ಅಂಗಳದ ಹಿಮ ಕೆದಕಿ, ರಾತ್ರಿಯೆಲ್ಲ ಅದರೊಳಗೆ ಹೂತಿಟ್ಟಿದ್ದ ಬಂದೂಕಿನ ದುರ್ಬೀನೊಂದನ್ನು ಹೊರತೆಗೆಯುತ್ತಾರೆ. ಬೇಲಿಯ ಗೂಟಕ್ಕೆ ಅದನ್ನು ಬಿಗಿಯುತ್ತಾರೆ. ಬಂದೂಕು ಇಲ್ಲ, ಬರೀ ದುರ್ಬೀನು. ಅದರ ಮುಖ ಹೊಳೆಯಾಚೆಯ ಗೋರಿಗುಡ್ಡದ ಕಡೆಗೆ. ಎರಡೂ ಅಂಗೈಯಿಂದ ಮುಖ ಸವರಿಕೊಂಡು ಸತ್ತವರಿಗೊಂದು ಪ್ರಾರ್ಥನೆ ಹೇಳುತ್ತಾರೆ. ಆಮೇಲಷ್ಟೇ ಕಣ್ಣಿಡುವುದು.

ನಾರಿನ್ ಎಂಬ ಬೆಟ್ಟಸೀಮೆಯ ನಮ್ಮೂರಲ್ಲಿ ಗೋರಿಕಲ್ಲಿನ ಮೇಲೆ ಸತ್ತವರ ಮುಖ ಕೆತ್ತಿಸುತ್ತೇವೆ. ಅಷ್ಟೂ ಮುಖಗಳು ಊರನ್ನೇ ನೋಡುತ್ತಿರುತ್ತವೆ. ನನಗಂತೂ ಆ ಕಡೆ ತಿರುಗಿ ಕುಳಿತು ಚಹಾ ಕುಡಿಯಲೂ ಆಗುವುದಿಲ್ಲ. ಈ ಹೆಂಗಸು ದಿನಾ ಬೆಳಿಗ್ಗೆ ಅವುಗಳ ಜೊತೆ ಕಣ್ಣಿಗೆ ಕಣ್ಣಿಟ್ಟು ಕೂರುತ್ತಾರೆ.

"ಈ ಮಬ್ಬಲ್ಲಿ ನಮ್ಮ ಬೆಯಿಶೆನ್ ಕಣ್ಣು ಕಂಡ್ರೆ ದುರ್ಬೀನು ಪಾಸು. ಬರೀ ಕಪ್ಪು ಕಲ್ಲು ಕಂಡ್ರೆ ವಾಪಸ್," ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಬೆಯಿಶೆನ್ ಎಂದರೆ ಬುರ್ಮಾಕಾನ್‌ರ ಗಂಡ. ಒಂದು ಸಂಜೆ ತುಪ್ಪಳದ ಕೋಟು ತೊಟ್ಟು, ಮಂಡಿಯೂರಿ ತೋಳದ ಬೋನು ಸರಿಮಾಡುತ್ತಿದ್ದಾಗ ಊರಿನವನೊಬ್ಬ ತೋಳವೆಂದು ಗುಂಡು ಹೊಡೆದ. ಬುರ್ಮಾಕಾನ್ ಅವನ ಬಂದೂಕಿನ ದುರ್ಬೀನನ್ನು ಕೇಳಿ ತರಿಸಿಕೊಂಡು ಅದೇ ಹೊತ್ತಿನಲ್ಲಿ, ಅದೇ ಜಾಗಕ್ಕೆ ಹಿಡಿದು ನೋಡಿದರಂತೆ. "ಅವನು ಸುಳ್ಳು ಹೇಳಿರ್ಲಿಲ್ಲ ಕಣಪ್ಪ. ಅದ್ರಲ್ಲಿ ಎಲ್ಲಾನೂ ತೋಳದ ಥರಾನೇ ಕಾಣ್ತಿತ್ತು."

ಸೋವಿಯತ್ ಕಾಲದಲ್ಲಿ ಸರ್ವೆ ಉಪಕರಣಗಳ ಗಾಜು ಕೂರಿಸುತ್ತಿದ್ದ ಕೈ ಅದು. ಈಗ ಅವರಿಗೆ ಎಪ್ಪತ್ತರ ಹತ್ತಿರ. ಕುರಿ ಕಾಯುವವರು, ಬೇಟೆಗಾರರು, ಗುರಿಪಂದ್ಯದವರು ಎಲ್ಲರೂ ಕೊಳ್ಳುವ ಮೊದಲು ಇವರ ಅಂಗಳಕ್ಕೆ ಬರುತ್ತಾರೆ. ಪಂದ್ಯದವರಿಗೆ ದೊಡ್ಡದಾಗಿ ತೋರಿಸುವ ದುರ್ಬೀನನ್ನೇ ಹೇಳುತ್ತಾರೆ. "ಗುರಿ ಹಲಗೆ ಓಡಿಹೋಗಲ್ಲ, ಉಸಿರಾಡಲ್ಲ. ಆರಾಮಾಗಿ ನೋಡ್ಕೊಂಡು ಹೊಡೀಲಿ. ಬೇಟೆಗೆ ನಾಲ್ಕು ಪಟ್ಟು ಸಾಕು, ದೊಡ್ಡದು ಮಾಡಿದಷ್ಟೂ ಮಬ್ಬು. ಬೆಳಕು ಬರ್ಬೇಕು, ಏಟು ಬಿದ್ರೂ ಒಳಗಿನ ಗುರಿಗೆರೆ ಜರುಗಬಾರ್ದು, ಚಳಿಯಿಂದ ಒಲೆ ಹತ್ರ ತಂದ್ರೆ ಒಳಗೆ ಬೆವರಬಾರ್ದು. ಹೆಸರು ಯಾವ್ದಾದ್ರೆ ಏನು?"

ಇವತ್ತು ಬಂದಿರುವವನು ಶಾರ್ಶೆನ್. ಅವನ ಕುದುರೆಮರಿಗಳನ್ನು ತೋಳಗಳು ಒಂದೊಂದಾಗಿ ಎತ್ತಿಕೊಂಡು ಹೋಗುತ್ತಿವೆ. ಹಿಂಡಿನ ಜೊತೆ ಬೆಟ್ಟದಲ್ಲೇ ಮಲಗುವವನು ಅವನ ತಮ್ಮ. ಈ ಸಂಜೆ ಶಾರ್ಶೆನ್ ಅದೇ ಬೆಟ್ಟದ ಇಳಿಜಾರಿನಲ್ಲಿ ಹೊಂಚು ಹಾಕಲಿದ್ದಾನೆ. ಹಿಮದಲ್ಲಿ ಹೂತಿದ್ದದ್ದು ಅವನದೇ ದುರ್ಬೀನು. ಪೇಟೆಯಿಂದ ತಂದ, ಥಳಥಳಿಸುವ, ಇಪ್ಪತ್ತನಾಲ್ಕು ಪಟ್ಟಿನದು.

ಬುರ್ಮಾಕಾನ್ ಅದಕ್ಕೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮತ್ತೆ ನೋಡುತ್ತಾರೆ. "ಗೆರೆ ಜರುಗ್ತು. ಕಣ್ಣೂ ಕಾಣಲ್ಲ. ಬೇಡ ಇದು." ಪಕ್ಕದ ಗೂಟಕ್ಕೆ ತಮ್ಮ ಹಳೆಯ, ಬಣ್ಣ ಹೋದ ನಾಲ್ಕು ಪಟ್ಟಿನದನ್ನು ಬಿಗಿಯುತ್ತಾರೆ. "ಇಂಥದ್ದೇ ತಗೋ, ಅರ್ಧ ಬೆಲೆಗೆ ಸಿಗುತ್ತೆ. ಅಲ್ಲೀವರೆಗೆ ಇದನ್ನೇ ಇಟ್ಕೋ."

"ಏನು ಎಜೆ, ಇದು ನಮ್ಮಜ್ಜನ ಮದುವೇಲಿ ಬಂದಿದ್ದಾ?" ಶಾರ್ಶೆನ್ ನಗುತ್ತಾನೆ. ಊರಿಗೆಲ್ಲ ಬುರ್ಮಾಕಾನ್ ಎಜೆ, ಅಂದರೆ ಅಕ್ಕ. "ನಿಮಗೆ ಸತ್ತೋರನ್ನ ನೋಡಿ ಅಭ್ಯಾಸ. ನನಗೆ ತೋಳ ಕಂಡ್ರೆ ಸಾಕು." ತನ್ನದಕ್ಕೇ ಕಣ್ಣಿಡುತ್ತಾನೆ. ತಟ್ಟನೆ ದನಿ ಇಳಿಯುತ್ತದೆ. "ಅಯ್ಯೋ, ಇದೆ! ಗೋರಿ ಮಧ್ಯೆ ಕೂತಿದೆ, ದೊಡ್ಡ ತೋಳ. ಬಂದೂಕು ತರ್ತೀನಿ."

"ಇದ್ರಲ್ಲೂ ನೋಡು," ಎಂದು ಎಜೆ ಅವನ ತೋಳು ಹಿಡಿಯುತ್ತಾರೆ.

ಶಾರ್ಶೆನ್ ನೋಡುತ್ತಾನೆ. ಅವನು ಸರಿದ ಮೇಲೆ ನಾನೂ ಬಗ್ಗಿ ನೋಡುತ್ತೇನೆ. ಕಲ್ಲಿನ ಮುಖಗಳ ನಡುವೆ ತುಪ್ಪಳದ ಬೆನ್ನೊಂದು ಮುದುರಿ ಕುಳಿತಿದೆ. ಅದು ನಿಧಾನವಾಗಿ ಎರಡು ಅಂಗೈಗಳನ್ನೆತ್ತಿ ಮುಖ ಸವರಿಕೊಳ್ಳುತ್ತದೆ. ತಾಯಿಯ ಗೋರಿಯ ಮುಂದೆ ಕುಳಿತ ಶಾರ್ಶೆನ್‌ನ ತಮ್ಮ. ಪಕ್ಕದ ದುರ್ಬೀನಿನಲ್ಲಿ ಈಗಲೂ ಅಲ್ಲಿ ತೋಳವೇ ಇದೆ.

ಸ್ವಲ್ಪ ಹೊತ್ತಿಗೆ ಆ ತಮ್ಮ ಹೊಳೆ ದಾಟಿ ಬಂದು, ಏನೂ ತಿಳಿಯದೆ ನಮ್ಮ ಜೊತೆ ಚಹಾಕ್ಕೆ ಕೂರುತ್ತಾನೆ. ಅಣ್ಣ ರೊಟ್ಟಿ ಮುರಿದು ಮುರಿದು ಅವನ ಮುಂದೆ ಇಡುತ್ತಾನೆ. "ಏನಪ್ಪಾ ಇವತ್ತು ಇಷ್ಟೊಂದು ಪ್ರೀತಿ? ನನ್ನ ಕುದುರೆ ಏನಾದ್ರೂ ಬೇಕಾ?" ಎಂದು ತಮ್ಮ ಕಿಚಾಯಿಸುತ್ತಾನೆ. ಶಾರ್ಶೆನ್ ಅವನ ಬಟ್ಟಲಿಗೆ ಇನ್ನಷ್ಟು ಚಹಾ ಸುರಿಯುತ್ತಾನೆ. ಹೋಗುವಾಗ ಅವನು ಹೊಸದನ್ನು ಗೂಟದಲ್ಲೇ ಬಿಟ್ಟು, ಬಣ್ಣ ಹೋದದ್ದನ್ನು ಎದೆಗವಚಿಕೊಂಡು ಹೋಗುತ್ತಾನೆ.

ಇಬ್ಬರೂ ಮರೆಯಾದ ಮೇಲೆ ಎಜೆ ನನ್ನ ಕಡೆ ತಿರುಗುತ್ತಾರೆ.

"ಪತ್ರಿಕೇಲಿ ಏನಾದ್ರೂ ಬರ್ಕೋ. ಆ ತಮ್ಮನ ಹೆಸರೊಂದು ಹಾಕ್ಬೇಡ. ನನ್ನಿಂದ ಯಾರ್ಯಾರು ಸಾಯದೆ ಉಳಿದ್ರೋ, ಅವರ್ಯಾರಿಗೂ ಅದು ಗೊತ್ತಿಲ್ಲ. ಎದುರಿಗೆ ಸಿಕ್ಕಾಗ ನಮಸ್ಕಾರ ಹೇಳಿ ಸುಮ್ನೆ ಹೋಗ್ತಾರೆ. ನನಗೆ ಅಷ್ಟು ಸಾಕು."