ನನಗೆ ಯಾರೂ ಇರಲಿಲ್ಲ

ಪುಣೆಯ ಮಗರಪಟ್ಟಾದ ನಮ್ಮ ಕಟ್ಟಡದ ಕೆಳಗೆ ಇಸ್ತ್ರಿಯವನೊಬ್ಬ ಕೂರುತ್ತಾನೆ. ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಒತ್ತಿದಾಗ ಏಳುವ ವಾಸನೆ ನಿನ್ನೆ ಲಿಫ್ಟಿನವರೆಗೂ ಬಂದಿತ್ತು. ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ. ಕಾಕುವಿನ ನೆನಪಿನಿಂದ ತಪ್ಪಿಸಿಕೊಳ್ಳಲು ನನಗೆ ಹೊಳೆಯುವುದು ಇಂಥ ಪೆದ್ದು ಉಪಾಯಗಳೇ.

ಚಿಕ್ಕಂದಿನಲ್ಲಿ ನಾನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವಳು ಇದೇ ಊರಿನ ಓಣಿಯೊಂದರಲ್ಲಿ ನಮ್ಮ ಪಕ್ಕದ ತಗಡಿನ ಮನೆಯವಳು, ವಿಜಯಪುರದ ಕಡೆಯವಳು. ಇಸ್ತ್ರಿ ಮಾಡಿ ಮಗಳನ್ನು ಸಾಕುತ್ತಿದ್ದಳು. ನನ್ನ ತಾಯಿ ತೀರಿಕೊಂಡಿದ್ದಳು. ಕಟ್ಟಡಗಳ ಗೌಂಡಿ ಕೆಲಸಕ್ಕೆ ಹೋದ ಅಪ್ಪ ಯಾವಾಗ ಬರುತ್ತಾನೆಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಹೀಗಾಗಿ ನನ್ನ ರೊಟ್ಟಿ, ಶಾಲೆಯ ಅಂಗಿ, ಜ್ವರ ಎಲ್ಲವೂ ಕಾಕುವಿನ ಪಾಲಿಗೆ ಬಂದವು.

ಒಮ್ಮೆ ಶಾಲೆಯಿಂದ ಮಕ್ಕಳ ಕಾದಂಬರಿಯೊಂದನ್ನು ತಂದೆ. ದೊಡ್ಡ ಶಹರದ ಬೀದಿಯಲ್ಲಿ ಬೂಟ್ ಪಾಲಿಶ್ ಮಾಡುವ ಅನಾಥ ಹುಡುಗ ಸ್ವಂತ ದುಡಿಮೆಯಿಂದ ಸಾಹುಕಾರನಾಗುವ ಕಥೆ. ಕಾಕುವಿಗೆ ಓದಲು ಬರುತ್ತಿರಲಿಲ್ಲ. ಅವಳು ಬಟ್ಟೆ ಮಡಚುತ್ತಿದ್ದರೆ ನಾನು ಗಟ್ಟಿಯಾಗಿ ಓದುತ್ತಿದ್ದೆ. ಹುಡುಗ ಹೊಸ ಸೂಟು ಹಾಕಿದ, ದೊಡ್ಡವರ ಸ್ನೇಹ ಮಾಡಿದ... ಅವಳಿಗೆ ಅದೆಲ್ಲ ಬೇಡ. ಅವನು ಏನು ಉಂಡ, ಅವನ ಅಂಗಿ ಯಾರು ಒಗೆಯುತ್ತಾರೆ ಎಂದು ಕೇಳುವಳು. ಅದನ್ನು ಬರೆದಿಲ್ಲ ಎಂದು ನಾನು ರೇಗುತ್ತಿದ್ದೆ.

"ಯಾರರ ಒಗದಿರ್ತಾರ ಬಿಡು," ಎಂದಳು ಕಾಕು. "ಬರದಾಂವಗ ನೆನಪಾಗಿರಲಿಕ್ಕಿಲ್ಲ."

ನನಗೆ ಮಾತ್ರ ಆ ಹುಡುಗ ತಲೆಗೆ ಹತ್ತಿಬಿಟ್ಟ. ಓದಿದೆ, ಸ್ವಂತ ಕಂಪನಿ ಮಾಡಿದೆ, ಆ ಓಣಿ ಬಿಟ್ಟೆ. ಮೊದಮೊದಲು ವಾರಕ್ಕೊಮ್ಮೆ ಕಾಕುವಿನ ಮನೆಗೆ ಹೋಗುತ್ತಿದ್ದೆ. ಆಮೇಲೆ ದೀಪಾವಳಿಗೆ. ಆಮೇಲೆ...

ಕಳೆದ ತಿಂಗಳು ಇಲ್ಲಿಯ ಕನ್ನಡ ಸಂಘದವರು ಶಾಲು ಹೊದಿಸಿದರು. ಮೈಕ್ ಹಿಡಿದು, ನನಗೆ ಯಾರೂ ಇರಲಿಲ್ಲ, ಈ ಪುಣೆಯಲ್ಲಿ ನನ್ನನ್ನು ನಾನೇ ಬೆಳೆಸಿಕೊಂಡೆ ಎಂದೆ. ಚಪ್ಪಾಳೆ ಬಿತ್ತು. ಅಷ್ಟು ದೊಡ್ಡ ಸುಳ್ಳಿಗೆ ನಾಲಗೆ ಒಂದಿಷ್ಟೂ ತಡವರಿಸಲಿಲ್ಲ. ನನಗೆ ಹೆಚ್ಚು ನಾಚಿಕೆಯಾಗುವುದು ಅದಕ್ಕೇ.

ವೇದಿಕೆ ಇಳಿದಾಗ ಕಾಕುವಿನ ಮಗಳು ಎದುರಿಗೆ ನಿಂತಿದ್ದಳು. ಚಿಕ್ಕಂದಿನಲ್ಲಿ ನನ್ನನ್ನು ಅಣ್ಣಾ ಎನ್ನುತ್ತಿದ್ದವಳು.

"ಭಾಳ ಚಲೋ ಮಾತಾಡಿದ್ರಿ, ಸರ್," ಎಂದಳು. "ಅವ್ವ ಹ್ವಾದ ವರ್ಷ ತೀರ್ಕೊಂಡ್ಲರಿ. ಇದ್ದಿದ್ರ ಕರ್ಕೊಂಡು ಬರ್ತಿದ್ದೆ. ನಮ್ಮ ಹುಡುಗ ಅಂತ ಎಲ್ಲಾರಿಗೂ ಹೇಳ್ತಿದ್ಲು."

ಏನಾಗಿತ್ತೆಂದು ನಾನು ಕೇಳುವಷ್ಟರಲ್ಲಿ ಸಂಘದ ಕಾರ್ಯದರ್ಶಿ ಫೋಟೊ ತೆಗೆಸಲು ಕೈಹಿಡಿದು ಎಳೆದರು. ಹೋದೆ. ಅವರು ನಿಮಗೆ ಏನಾಗಬೇಕು ಎಂದು ಕಾರ್ಯದರ್ಶಿ ಕೇಳಿದಾಗ, ಪರಿಚಯದವರು ಎಂದೆ. ಅವಳಿಗೆ ಅದು ಕೇಳಿಸಿತು.

ಆ ಭಾಷಣದ ವಿಡಿಯೊ ಸಂಘದ ಗ್ರೂಪಿನಲ್ಲಿ ಇನ್ನೂ ಓಡಾಡುತ್ತಿದೆ. ಕಾಕು ಮಾತ್ರ ಇಲ್ಲ. ಮಗಳ ಫೋನ್ ನಂಬರ್ ಕಾರ್ಯದರ್ಶಿಯ ಹತ್ತಿರ ಇದೆಯಂತೆ. ಕೇಳಬೇಕಾದರೆ ಅವಳು ನನಗೆ ಏನಾಗಬೇಕೆಂದು ಹೇಳಬೇಕು. ಇನ್ನೂ ಕೇಳಿಲ್ಲ.