ಗೋಡೆಯಾಚೆಗೆ ಎಸೆದದ್ದು

ಅಕ್ಕಿ ಕೇರಲೆಂದು ಮೊರ ಹಿಡಿದಾಗಲೆಲ್ಲ ನನಗೊಂದು ಕತೆ ಬರೆಯಬೇಕೆನಿಸುತ್ತದೆ. ಬರೆಯಲು ಕೂತರೆ ಜೀವ ಚಡಪಡಿಸುತ್ತದೆ. ಆ ಕತೆಯಲ್ಲಿ ಸತ್ತ ಇಲಿಯೊಂದು ಪುಣೆಯ ಓಣಿ ಓಣಿ ಅಲೆಯುತ್ತ, ಮನೆಮನೆಯ ಕದ ತಟ್ಟಿ, "ನಾ ಯಾರ ಮನೀದು, ಹೇಳ್ರಿ" ಎಂದು ಕೇಳುತ್ತದೆ. ಊರಿಗೆ ಊರೇ "ನಮ್ಮದಲ್ಲ" ಎನ್ನುತ್ತದೆ. ಇದೆಂಥ ಹುಚ್ಚು ಎಂದು ನಗಬೇಡಿ. ಇದರಲ್ಲಿ ಇಲಿ ಮಾತಾಡುವುದೊಂದೇ ಸುಳ್ಳು.

ಪ್ಲೇಗಿನ ಆ ವರ್ಷ ನಾನು ಧಾರವಾಡದಿಂದ ಪುಣೆಗೆ ಬಂದ ಹೊಸ ಸೊಸೆ. ಇಲಿ ಸತ್ತ ಸುದ್ದಿ ಹೊರಬಿದ್ದರೆ ಸಾಕು, ಸರಕಾರದ ಮಂದಿ ದೇವರ ಕೋಣೆಯವರೆಗೂ ನುಗ್ಗಿ, ಹಾಸಿಗೆ ಸುಟ್ಟು, ಮನೆಯವರನ್ನು ಊರಾಚೆಯ ಗುಡಿಸಲುಗಳಿಗೆ ಸಾಗಿಸುತ್ತಿದ್ದರು. ಒಂದು ಬೆಳಿಗ್ಗೆ ನಮ್ಮ ಹಿತ್ತಿಲಲ್ಲೇ ಇಲಿ ಬಿದ್ದಿತ್ತು. ಅದನ್ನು ಪಕ್ಕದ ಮನೆಗೆ ಎಸೆಯುವುದರಲ್ಲಿ ಯಾರಿಗೂ ಅಳುಕಿರಲಿಲ್ಲ. ಮುಟ್ಟುವವರು ಯಾರೆಂಬುದೇ ಚಿಂತೆ. ಮಾವ ಪೂಜೆಗೆ ಕೂತಿದ್ದರು, ಅತ್ತೆ ಮಡಿಯಲ್ಲಿದ್ದರು. ನಾನು ಮಾತ್ರ ತಿಂಗಳ ಮೂರು ದಿನವೆಂದು ಹಿತ್ತಿಲ ಮೂಲೆಯಲ್ಲಿ ಕೂತಿದ್ದೆ.

"ನೀ ಹೆಂಗೂ ಹೊರಗಿದ್ದಿ. ಇನ್ನೇನು ಮೈಲಿಗಿ ಆಗೂದದ? ಮೊರದಾಗ ಎತ್ತಿ ಗ್ವಾಡಿ ಆಚೆ ಒಗದುಬಿಡು," ಎಂದರು ಅತ್ತೆ.

ಗೋಡೆಯಾಚೆ ಬೆಳಗಾವಿ ಕಡೆಯ ತುಂಗಕ್ಕನ ಮನೆ. ತವರು ನೆನೆದು ನಾನು ಅತ್ತಾಗಲೆಲ್ಲ ಗೋಡೆಯ ಮೇಲಿಂದ ಬಿಸಿ ರೊಟ್ಟಿ ಚಾಚಿ ಕಣ್ಣೊರೆಸಿದ ಜೀವ ಅದು. ಗೊತ್ತಿದ್ದೂ ಎಸೆದೆ. ಎರಡೇ ದಿನದಲ್ಲಿ ಅವರ ಮನೆಗೆ ಸರಕಾರದ ಮಂದಿ ಬಂದರು. ಗುಡಿಸಲಿಗೆ ಹೋದ ಅವಳ ಗಂಡ ಮರಳಿ ಬರಲಿಲ್ಲ. ನಮ್ಮ ಮಾವ ದೇವರು ಕಾಯ್ದನೆಂದು ಕೈಮುಗಿದರು.

ಅಂದಿನಿಂದ ಮನುಷ್ಯರ ಮೇಲಿನ ನಂಬಿಕೆ ನನ್ನಲ್ಲಿ ಉಳಿಯಲಿಲ್ಲ, ನನ್ನ ಮೇಲಂತೂ ಮೊದಲೇ ಇಲ್ಲ. ನೆನಪಾದರೂ ಎಂಥ ಪೀಡೆ! ವರ್ಷ ಕಳೆದಂತೆ ಮೊರದ ಮೇಲಿನ ಇಲಿ ಭಾರವಾಗುತ್ತ ಬಂತು. ಒಮ್ಮೊಮ್ಮೆ ಅದು ಉಸಿರಾಡುತ್ತಿತ್ತೆಂದೂ ಅನಿಸುತ್ತದೆ. ಇಷ್ಟರ ನಡುವೆ ತುಂಗಕ್ಕನೊಬ್ಬಳನ್ನು ಮಾತ್ರ, ನಿರ್ಮಲವಾದ ಒಂದಾದರೂ ಜೀವ ಲೋಕದಲ್ಲಿ ಇರಲೆಂದು, ಮನಸ್ಸಿನ ಜಗುಲಿಯ ಮೇಲೆ ಕೂರಿಸಿಕೊಂಡಿದ್ದೆ.

ಇಂದಾಪುರದಲ್ಲಿ ತಮ್ಮನ ಮನೆ ಸೇರಿದ್ದ ಅವಳು, ತಲೆ ಪೂರ್ತಿ ನರೆತ ಮೇಲೆ, ಕಳೆದ ತಿಂಗಳು ನನ್ನನ್ನು ನೋಡಲು ಬಂದಳು. ಕಾಲು ಹಿಡಿದು ಎಲ್ಲ ಹೇಳಿಬಿಟ್ಟೆ. ಅವಳು ನನ್ನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡಳು.

"ಅದು ನಿಮ್ಮ ಮನೀದು ಎಲ್ಲೀದವಾ? ನಸುಕಿನ್ಯಾಗ ನಾನೇ ನಿಮ್ಮ ಹಿತ್ತಲಕ್ಕ ಒಗದಿದ್ದೆ. ತಿರುಗಿ ಬಂತು. ನಮ್ಮನಿಯವರು ಹೋದ ಮ್ಯಾಲ ಯಾರ ಮುಂದ ಬಾಯಿ ಬಿಡ್ಲಿ?"

ಎದೆ ಹಗುರಾಗಬೇಕಿತ್ತು. ಬಂದದ್ದು ಸಿಟ್ಟು. ಮಗಳಂತೆ ಕಂಡವಳ ಮನೆಗೇ ಸಾವನ್ನು ಎಸೆಯಬಹುದೇ, ಕರುಳೆಂಬುದು ಇರಬೇಡವೇ ಎಂದು ನಾನು, ಅದೇ ನಾನು, ಒಳಗೊಳಗೇ ಕುದಿದೆ. ತುಂಗಕ್ಕ ನನ್ನ ತಲೆ ಸವರಿದಳು. "ನೀ ಆಗ ಭಾಳ ಸಣ್ಣಾಕಿ. ಬಿಡವಾ," ಎಂದು ಎದ್ದಳು.

ಊಟಕ್ಕೆ ನಿಲ್ಲೆಂದು ನಾನು ಅನ್ನಲಿಲ್ಲ. ಅವಳು ಓಣಿಯ ತಿರುವು ದಾಟುವವರೆಗೂ, ಅವಳ ತಪ್ಪು ದೊಡ್ಡದೋ ನನ್ನದೋ ಎಂದು ತೂಗಿ ನೋಡುತ್ತ ಬಾಗಿಲಲ್ಲೇ ನಿಂತಿದ್ದೆ.